ಚೆನ್ನಾಜಮ್ಮನ ಮನೆಗೆ ಸೊನ್ನೆ ತುಂಬಿದ್ದು

ನಮ್ಮೂರಿನಲ್ಲಿ ಯಾರ ಮನೆಯಲ್ಲೂ ಕಂಪ್ಯೂಟರಿನ ಪೆಟ್ಟಿಗೆ ಇಲ್ಲ. ಮನೆಗೊಂದು ಪರದೆ, ಒಂದು ಕೀಲಿಮಣೆ, ಗೋಡೆಯೊಳಕ್ಕೆ ಹೋಗುವ ಒಂದು ತಂತಿ, ಅಷ್ಟೇ. ಮಷೀನು ಇರುವುದು ಇಡೀ ಊರಿಗೆ ಒಂದೇ. ಅದು ಹಳೇ ಹತ್ತಿ ಗಿರಣಿಯ ಕಟ್ಟಡದಲ್ಲಿದೆ. ಅದರ ಹೊಟ್ಟೆಯೊಳಗೆ ಮನೆಗೊಂದರಂತೆ ಆರುನೂರು ಚಿಲ್ಲರೆ ಮಷೀನುಗಳಿವೆ. ಅವು ನಿಜವಾದ ಮಷೀನುಗಳಲ್ಲ, ಮಷೀನಿನ ಹಾಗೆ ನಡೆದುಕೊಳ್ಳುವ ಫೈಲುಗಳು. ನಮಗೆ ತರಬೇತಿ ಕೊಟ್ಟವರು ವರ್ಚುವಲ್ ಮಷೀನು, ಡಿಸ್ಕ್ ಇಮೇಜು ಎಂದೆಲ್ಲ ಹೇಳಿದ್ದರು. ಊರವರ ಬಾಯಲ್ಲಿ ಅದು ಒಳಮಷೀನು. ಯಾರ ಒಳಮಷೀನಿನ ಫೈಲು ಉಬ್ಬುತ್ತದೋ ಅವರ ಮನೆಯ ಬೀದಿ ಕಡೆಯ ಗೋಡೆ ಅಷ್ಟಷ್ಟೇ ಮುಂದಕ್ಕೆ ಬರುತ್ತದೆ. ಮೊದಮೊದಲು ಜನ ಖುಷಿಪಟ್ಟರಂತೆ. ಬಂದ ಜಾಗದಲ್ಲಿ ಮೆಣಸಿನಕಾಯಿ ಒಣಗಿಸಿದರು, ಕರು ಕಟ್ಟಿದರು, ಹೊಂದಿಕೊಳ್ಳದ ಚಿಕ್ಕಪ್ಪನಿಗೆ ಮಂಚ ಹಾಕಿದರು. ಆಮೇಲೆ ಬೀದಿಗಳು ಸಣ್ಣಗಾಗಿ, ಎದುರುಬದುರು ಮನೆಯವರು ಕಿಟಕಿಯಲ್ಲೇ ಒಗ್ಗರಣೆ ಸೌಟು ಬದಲಾಯಿಸಿಕೊಳ್ಳುವ ಹಾಗಾದಾಗ ನನ್ನಂಥವನು ಬೇಕಾದ.

ನನ್ನ ಹೆಸರು ಓಬಳೇಶ. ಊರವರಿಗೆ ಸೊನ್ನೆ ಓಬಳೇಶ. ಉಬ್ಬಿದ ಫೈಲಿನಿಂದ ಬಳಸದ ಜಾಗ ಬಿಡಿಸಿ ಗೋಡೆಯನ್ನು ಹಿಂದಕ್ಕೆ ಕಳಿಸುವುದು ನನ್ನ ಕೆಲಸ. ಆ ಜಾಗ ಹೊಸದಾಗಿ ಮದುವೆಯಾಗಿ ಮನೆಗೆ ಕಾದು ಕೂತವರಿಗೆ ಹೋಗುತ್ತದೆ. ಕೇಳುವುದಕ್ಕೆ ಸುಲಭ. ಆದರೆ ಒಳಮಷೀನಿನಲ್ಲಿ ಒಂದು ವಸ್ತುವನ್ನು ಅಳಿಸಿದ ಮಾತ್ರಕ್ಕೆ ಜಾಗ ಬಿಡುವುದಿಲ್ಲ. ಆ ಜಾಗ ಖಾಲಿ ಎಂದು ಒಳಮಷೀನಿಗೆ ಗೊತ್ತು, ದೊಡ್ಡ ಮಷೀನಿಗೆ ಗೊತ್ತಿಲ್ಲ. ಪಂಕ್ತಿಯಲ್ಲಿ ಊಟ ಮುಗಿಸಿ ಎಲೆ ಎತ್ತದೆ ಎದ್ದುಹೋದವರ ಹಾಗೆ. ಎಲೆ ಇರುವ ತನಕ ಬಡಿಸುವವನು ಅಲ್ಲಿ ಯಾರೋ ಇದ್ದಾರೆಂದೇ ತಿಳಿಯುತ್ತಾನೆ. ಅದಕ್ಕೇ ಖಾಲಿ ಜಾಗವನ್ನೆಲ್ಲ ಮೊದಲು ಸೊನ್ನೆಗಳಿಂದ ತುಂಬಬೇಕು. ಬರೀ ಸೊನ್ನೆ ಕಂಡಾಗ ದೊಡ್ಡ ಮಷೀನು ಇಲ್ಲಿ ಯಾರೂ ಇಲ್ಲ ಎಂದು ಒಪ್ಪುತ್ತದೆ. ಆಮೇಲೆ ಫೈಲನ್ನು ಹಿಂಡಿದರೆ ಗೋಡೆ ಸರಸರ ಹಿಂದಕ್ಕೆ ಹೋಗುತ್ತದೆ.

ಇದರಲ್ಲಿ ಒಂದು ಅಪಾಯ ಉಂಟು. ಖಾಲಿಯನ್ನೆಲ್ಲ ತುಂಬುವುದೆಂದರೆ ಫೈಲು ಮೊದಲು ಪೂರ್ತಿ ಉಬ್ಬಲೇಬೇಕು. ಯಾವ ಕಾಲದಲ್ಲೋ ಊರಿನ ಹಿರಿಯರು ಪ್ರತಿ ಮನೆಗೂ ಇಷ್ಟು ಜಾಗ ನಿಮ್ಮ ಹಕ್ಕು ಎಂದು ಕಾಗದದ ಮೇಲೆ ಧಾರಾಳವಾಗಿ ಬರೆದುಕೊಟ್ಟಿದ್ದರು. ಎಲ್ಲರೂ ಒಂದೇ ದಿನ ಹಕ್ಕು ಕೇಳುವುದಿಲ್ಲ ಎಂಬ ಧೈರ್ಯ ಅವರದು. ಸೊನ್ನೆ ತುಂಬುವ ದಿನ ಗೋಡೆ ಆ ಹಕ್ಕಿನ ತುದಿಯ ತನಕ, ಅಂದರೆ ಬೀದಿಯ ನಡುವಿಗಿಂತ ಎರಡು ಮೊಳ ಆಚೆಗೆ ಬಂದು ನಿಲ್ಲುತ್ತದೆ. ನಾವು ಅಲ್ಲಿ ಸುಣ್ಣದ ಗೆರೆ ಎಳೆದಿರುತ್ತೇವೆ. ಒಂದು ಮನೆ ಉಬ್ಬಿದರೆ ಅರ್ಧ ದಿನ ಓಡಾಟ ನಿಲ್ಲುತ್ತದೆ, ಅಷ್ಟೇ. ಎದುರುಬದುರಿನ ಎರಡು ಮನೆ ಒಟ್ಟಿಗೆ ಉಬ್ಬಿದರೆ ನಡುವೆ ಇದ್ದವರು ಉಳಿಯುವುದಿಲ್ಲ. ಆದ್ದರಿಂದ ಒಂದು ಬೀದಿಗೆ ಒಂದು ದಿನಕ್ಕೆ ಒಂದೇ ಮನೆ. ಇದು ನನ್ನ ಕಸುಬಿನ ಮೊದಲನೇ ಪಾಠ, ಮತ್ತು ಒಂದೇ ಪಾಠ ಎಂದರೂ ನಡೆದೀತು.

ಉಳಿದದ್ದು ಊರವರು ಸೇರಿಸಿಕೊಂಡ ಕಟ್ಟಳೆ. ಆ ದಿನ ಬೆಳಿಗ್ಗೆ ಬೀದಿಯಲ್ಲಿ ಗಂಟೆ ಬಾರಿಸುತ್ತಾರೆ. ಗೋಡೆ ಉಬ್ಬುವುದನ್ನು ನೋಡಿದರೆ ಕಣ್ಣಿಗೆ ಕುರು ಆಗುತ್ತದೆಂದು ಎಲ್ಲರೂ ಬಾಗಿಲು ಹಾಕಿಕೊಳ್ಳುತ್ತಾರೆ. ಅದಕ್ಕೂ ಮೊದಲು ಮನೆಯ ಯಜಮಾನನೋ ಯಜಮಾನಿಯೋ ಬೀದಿ ಗೋಡೆಯ ಮೇಲೆ ಬಲಗೈ ಇಟ್ಟು, ಬೇಕಾದದ್ದು ಇಟ್ಟಿದ್ದೇನೆ, ಬೇಡದ್ದು ಬಿಟ್ಟಿದ್ದೇನೆ, ಮುಚ್ಚಿಟ್ಟದ್ದು ಏನೂ ಇಲ್ಲ ಎಂದು ನಾಲ್ಕು ಜನರೆದುರು ಹೇಳಬೇಕು. ಸುಳ್ಳು ಹೇಳಿ ಕೈ ಇಟ್ಟರೆ ಗೋಡೆ ಗೆರೆಯಲ್ಲಿ ನಿಲ್ಲುವುದಿಲ್ಲ ಎಂದು ನಂಬಿಕೆ. ತಂತಿಗೂ ಗೋಡೆಗೂ ಇರುವ ಸಂಬಂಧ ಬಲ್ಲ ನನಗೆ ಅದು ಸುಳ್ಳೆಂದು ಚೆನ್ನಾಗಿ ಗೊತ್ತಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೈ ಇಡುವ ಶಾಸ್ತ್ರದಿಂದ ನನ್ನ ಕೆಲಸಕ್ಕೊಂದು ಗೌರವ ಬರುತ್ತಿತ್ತು, ಬರಲಿ ಬಿಡು ಅಂದುಕೊಂಡೆ.

ಗೌರವದ ಹುಚ್ಚು ನನಗೆ ಸ್ವಲ್ಪ ಜಾಸ್ತಿಯೇ ಇತ್ತು. ಪಂಚಾಯ್ತಿ ಕಟ್ಟೆಯಲ್ಲಿ ಒಂದು ಕರಿಹಲಗೆ ಇದೆ. ಯಾವ ವಾರ ಎಷ್ಟು ಅಡಿ ಬಿಡಿಸಿದೆ ಎಂದು ಅದರ ಮೇಲೆ ನನ್ನ ಹೆಸರಿನ ಪಕ್ಕ ಬರೆಯುತ್ತಾರೆ. ಸಂತೆಗೆ ಹೋಗುವಾಗ ದಾರಿ ಬಳಸಿಕೊಂಡಾದರೂ ಅದರ ಮುಂದೆ ಹಾದುಹೋಗುತ್ತಿದ್ದೆ. ಮಗ್ಗದ ಬೀದಿಯ ಹನ್ನೆರಡು ಮನೆ ಎರಡು ವಾರದಲ್ಲಿ ಮುಗಿಸಬೇಕಿತ್ತು. ನಾನು ಕಟ್ಟೆಯ ಮೇಲೆ ಕೂತು, ಹನ್ನೆರಡೇ ದಿನ ಸಾಕು ಎಂದು ಹೇಳಿಬಿಟ್ಟಿದ್ದೆ. ನಡುವೆ ಒಂದು ಭಾನುವಾರ ರಜ ಹಾಕಿದ್ದರಿಂದ ಹನ್ನೆರಡನೇ ದಿನ ಬಂದಾಗ ಎರಡು ಮನೆ ಉಳಿದಿದ್ದವು. ಒಂದು ಹೋಳಿಗೆ ಚೆನ್ನಾಜಮ್ಮನದು, ಇನ್ನೊಂದು ಅದರ ಎದುರಿಗಿನ ಹಾಲಪ್ಪ ಮೇಷ್ಟರದು.

ಚೆನ್ನಾಜಮ್ಮನಿಗೆ ಐವತ್ತೈದರ ಹತ್ತಿರ ವಯಸ್ಸು. ಮದುವೆ, ನಾಮಕರಣ, ತಿಥಿ ಏನಿದ್ದರೂ ಊರಿಗೆಲ್ಲ ಹೋಳಿಗೆ ತಟ್ಟಿಕೊಡುವವರು ಅವರೇ. ಓದುಬರಹ ಅಷ್ಟಕ್ಕಷ್ಟೆ. ಅದಕ್ಕೆ ಯಾರು ಬಂದು ಏನು ಹೇಳಿದರೂ ಒಳಮಷೀನಿಗೆ ತಮ್ಮ ಬಾಯಲ್ಲೇ ಹೇಳಿಟ್ಟುಕೊಳ್ಳುತ್ತಿದ್ದರು: ನುಗ್ಗೇಹಳ್ಳಿಯವರ ಮನೆ, ಬುಧವಾರ, ಇನ್ನೂರ ಇಪ್ಪತ್ತು, ಕಾಯಿ ಹೋಳಿಗೆ. ಕೊಟ್ಟು ಮುಗಿದ ಮೇಲೆ ಅಳಿಸುತ್ತಿದ್ದರು. ವರ್ಷಗಟ್ಟಲೆ ಹೀಗೆ ಹೇಳಿ ಹೇಳಿ, ಅಳಿಸಿ ಅಳಿಸಿ ಅವರ ಮನೆ ಬೀದಿಗೆ ಒಂಬತ್ತು ಅಡಿ ಬಂದಿತ್ತು. ಆ ಒಂಬತ್ತು ಅಡಿಯಲ್ಲಿ ಇಬ್ಬರು ಹೆಂಗಸರು ಕೂತು ಕಣಕ ನಾದುತ್ತಿದ್ದರು. ಜಾಗ ಬಿಡಿ ಅಂದಾಗ ಅವರು ಒಂದು ಮಾತೂ ಎದುರಾಡಲಿಲ್ಲ. ಗೋಡೆಗೆ ಕೈ ಇಟ್ಟು, ಹೇಳಬೇಕಾದದ್ದನ್ನು ಹೇಳಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ಹೋದರು.

ಎದುರುಮನೆಗೆ ಬೀಗ ಬಿದ್ದಿತ್ತು. ಮೇಷ್ಟರು ಮನೆಮಂದಿಯನ್ನೆಲ್ಲ ಕರೆದುಕೊಂಡು ನೆಂಟರ ಮದುವೆಗೆ ಹೋಗಿದ್ದರು. ಹೋಗುವ ಮುಂಚೆ ನಮ್ಮ ಮನೆಯದನ್ನೂ ಬಂದ ಮೇಲೆ ಮಾಡಪ್ಪ ಎಂದು ಹೇಳಿದ್ದರು. ನಾನು ಗಿರಣಿಯಲ್ಲಿ ಪರದೆಯ ಮುಂದೆ ಕೂತು ಯೋಚಿಸಿದೆ. ಗಂಟೆ ಬಾರಿಸಿಯಾಗಿದೆ, ಬೀದಿಯಲ್ಲಿ ನರಪಿಳ್ಳೆ ಇಲ್ಲ. ಚೆನ್ನಾಜಮ್ಮನ ಗೋಡೆ ತುದಿ ಮುಟ್ಟುವುದರೊಳಗೆ ಮೇಷ್ಟರದು ಉಬ್ಬಿ ಹಿಂದಕ್ಕೆ ಹೋಗಿರುತ್ತದೆ. ಯಾರಿಗೆ ಗೊತ್ತಾಗುತ್ತದೆ? ಹನ್ನೆರಡು ದಿನಕ್ಕೆ ಹನ್ನೆರಡು ಮನೆ. ಎರಡಕ್ಕೂ ಒಟ್ಟಿಗೆ ಸೊನ್ನೆ ಹಚ್ಚಿದೆ.

ಬೀದಿಯಲ್ಲಿ ಬೂಡೇನ್ ಸಾಬರು ಇದ್ದರು. ಸ್ಟೋವು, ಕೊಡೆ ರಿಪೇರಿ ಮಾಡುವ ಅವರು ಗಂಟೆಗಾಗಲಿ ಕುರುವಿಗಾಗಲಿ ಹೆದರುವವರಲ್ಲ. ಚೆನ್ನಾಜಮ್ಮನ ಮನೆ ಉಬ್ಬುತ್ತದೆಂದು ಬುದ್ಧಿವಂತಿಕೆಯಿಂದಲೇ ಎದುರುಗಡೆಗೆ ಹೋಗಿ, ಮೇಷ್ಟರ ಗೋಡೆಗೆ ಬೆನ್ನು ಕೊಟ್ಟು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಮುಂದಿನ ಗೋಡೆ ಗೆರೆಯ ಹತ್ತಿರ ಬರುವುದನ್ನು ನೋಡುತ್ತಿದ್ದವರನ್ನು ಹಿಂದಿನ ಗೋಡೆ ನೂಕಿತು. ಜೋಮು ಹಿಡಿದ ಕಾಲು, ಏಳುವುದಕ್ಕಾಗಲಿಲ್ಲ.

ಕೂಗು ಗಿರಣಿಯ ತನಕ ಕೇಳಿಸಿತು. ಇಲ್ಲಿಂದ ಮುಂದೆ ಹೇಳುವಾಗ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ. ಯಾವ ಮನೆಯನ್ನು ಮೊದಲು ಹಿಂಡಿದ್ದರೂ ಅವರು ಬಿಡುಗಡೆಯಾಗುತ್ತಿದ್ದರು, ಅದರಲ್ಲಿ ವ್ಯತ್ಯಾಸವೇನಿಲ್ಲ. ಆದರೆ ನನ್ನ ಬೆರಳು ಹೋದದ್ದು ಮೇಷ್ಟರ ಮನೆಯ ಮೇಲೆ. ಅಲ್ಲಿ ಯಾರಿಗೋ ನೋವಾಗಿದೆ ಎಂಬುದು ಮೊದಲು ಹೊಳೆಯಲಿಲ್ಲ, ನಡೆಯಬಾರದ ಮನೆ ನಡೆಯುತ್ತಿದೆ ಎಂಬುದು ಹೊಳೆಯಿತು. ಜನ ಬಾಗಿಲು ತೆಗೆದು ಹೊರಗೆ ಬರುವಷ್ಟರಲ್ಲಿ ಮೇಷ್ಟರ ಗೋಡೆ ಏನೂ ತಿಳಿಯದ ಹಾಗೆ ತನ್ನ ಜಾಗಕ್ಕೆ ಹೋಗಿ ನಿಂತಿತ್ತು. ಬೂಡೇನ್ ಸಾಬರು ಬೀದಿಯ ನಡುವೆ, ಚೆನ್ನಾಜಮ್ಮನ ಗೋಡೆಯ ಬುಡದಲ್ಲಿ, ಎಡಗಾಲು ಮಂಡಿಯ ಕೆಳಗೆ ನಜ್ಜುಗುಜ್ಜಾಗಿ ಬಿದ್ದಿದ್ದರು. ಸುಣ್ಣದ ಗೆರೆ ಅವರು ಒದ್ದಾಡಿದ್ದಕ್ಕೆ ಅಳಿಸಿಹೋಗಿತ್ತು.

ನಾನು ಓಡಿಹೋಗುವಾಗಲೇ ಯಾರೋ ಹೇಳುತ್ತಿದ್ದರು: ಗೋಡೆ ಗೆರೆ ದಾಟಿ ಹೋಗಿದೆ, ಪಾಪ ಆ ಕಡೆ ಕೂತಿದ್ದವನನ್ನು ಎಳೆದುಕೊಂಡು ಬಂದಿದೆ. ಇನ್ನೊಬ್ಬರು, ಹಾಗಾದರೆ ಆಯಮ್ಮ ಏನನ್ನೋ ಮುಚ್ಚಿಟ್ಟಿದೆ ಎಂದರು. ಎಲ್ಲರೂ ನನ್ನ ಮುಖ ನೋಡಿದರು. ಆಗ ಹೇಳಬಹುದಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರಲ್ಲ, ನಾನು ಬಾಯಿ ಬಿಡಲಿಲ್ಲ. ಸಾಬರ ತಲೆಯ ಕಡೆ ಹಿಡಿದು ಗಾಡಿಗೆ ಹತ್ತಿಸುವುದಕ್ಕೆ ಕೈ ಕೊಟ್ಟೆ. ಅದಕ್ಕೂ ಹೊಗಳಿದರು. ಗಾಡಿಯಲ್ಲಿ ಅವರು ಹಿಂದಿನಿಂದ ತಳ್ಳಿತು, ಹಿಂದಿನಿಂದ ತಳ್ಳಿತು ಎಂದು ನರಳುತ್ತಿದ್ದರು. ನೋವಿನಲ್ಲಿ ಏನೇನೋ ಹೇಳುತ್ತಿದ್ದಾರೆ ಎಂದರು ಜನ. ಬೀಗ ಹಾಕಿದ ಮನೆ ಹೇಗೆ ತಳ್ಳೀತು? ಮೂರು ದಿನ ಬಿಟ್ಟು ಮೇಷ್ಟರು ಬಂದಾಗ, ನಿಮ್ಮದನ್ನು ರಜ ಹಾಕಿದ ಭಾನುವಾರವೇ ಮುಗಿಸಿಬಿಟ್ಟೆ ಸಾರ್ ಎಂದೆ. ಅವರು ಸಂತೋಷಪಟ್ಟು ಮದುವೆಮನೆಯ ಲಾಡು ಕೊಟ್ಟರು. ಕರಿಹಲಗೆಯ ಮೇಲೆ ಹನ್ನೆರಡು ದಿನ, ಹನ್ನೆರಡು ಮನೆ ಎಂದು ಬರೆದರು.

ಚೆನ್ನಾಜಮ್ಮನ ಮೇಲೆ ಯಾರೂ ಪಂಚಾಯ್ತಿ ಸೇರಿಸಲಿಲ್ಲ, ಬೈಯಲಿಲ್ಲ. ನಮ್ಮೂರು ಅಂಥದ್ದಲ್ಲ. ಹೋಳಿಗೆ ಹೇಳುವುದನ್ನು ನಿಲ್ಲಿಸಿದರು, ಅಷ್ಟೇ. ಗೋಡೆಗೆ ಕೈ ಇಟ್ಟು ಸುಳ್ಳು ಹೇಳಿದವಳ ಕೈಯಿಂದ ಶುಭಕಾರ್ಯಕ್ಕೆ ಹೇಗೆ ತರಿಸುವುದು ಎಂದು ಮೆಲ್ಲಗೆ ಮಾತಾಡಿಕೊಂಡರು. ನುಗ್ಗೇಹಳ್ಳಿಯವರು ನಾಮಕರಣಕ್ಕೆ ಬೇರೆ ಊರಿನಿಂದ ಜಿಲೇಬಿ ತರಿಸಿದರು. ಕಣಕ ನಾದುವ ಇಬ್ಬರು ಹೆಂಗಸರು ಮೈಗೆ ಹುಷಾರಿಲ್ಲವೆಂದು ಒಬ್ಬರಾದ ಮೇಲೊಬ್ಬರು ಬಿಟ್ಟರು. ಆಯಮ್ಮ ಏನು ಮುಚ್ಚಿಟ್ಟಿತ್ತು ಎನ್ನುವುದರ ಮೇಲೆ ಕಟ್ಟೆಯಲ್ಲಿ ದಿನಾ ಚರ್ಚೆ. ಬಂಗಾರ ಅಂದವರುಂಟು, ಹಳೆಯ ಪ್ರೇಮಪತ್ರ ಅಂದವರುಂಟು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ನಾನೂ ಅಲ್ಲೇ ಕೂತಿರುತ್ತಿದ್ದೆ, ನಿನ್ನದೂ ಒಂದು ಊಹೆ ಇರಲಿ ಎಂದು ಅವರು ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದೆ. ಆ ನಗು ನೆನಪಾದರೆ ಈಗಲೂ ಮುಖ ಎಲ್ಲಿಟ್ಟುಕೊಳ್ಳಲಿ ಅನಿಸುತ್ತದೆ.

ಇಷ್ಟರ ಮೇಲೆ ಚೆನ್ನಾಜಮ್ಮ ಒಂದು ದಿನ ಗಿರಣಿಗೆ ಬಂದರು. ಜಗಳಕ್ಕೇ ಬಂದರು ಅಂದುಕೊಂಡೆ. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು. ಅವರು ಸ್ಟೂಲಿನ ತುದಿಯಲ್ಲಿ ಕೂತು, ತಮ್ಮ ಒಳಮಷೀನನ್ನು ಪೂರ್ತಿ ಬಿಚ್ಚಿ ತೋರಿಸಬೇಕೆಂದು ಕೇಳಿಕೊಂಡರು.

‘ಏನೋ ಇದ್ದಿರ್ಬೇಕು ಓಬಳೇಶಪ್ಪ. ನನಗೆ ನೆನಪಿಲ್ಲ. ಗೋಡೆ ಸುಳ್ಳು ಹೇಳಲ್ಲ ಅಲ್ವಾ. ಪಾಪ, ಆ ಮನುಷ್ಯನ ಕಾಲು ಹೋಯ್ತು. ಏನು ಮುಚ್ಚಿಟ್ಟಿದ್ದೆ ಅಂತ ನನಗಾದ್ರೂ ಗೊತ್ತಾಗ್ಬೇಕು.’

ನಾನು ತೋರಿಸಿದೆ. ಒಂದು ದಿನವಲ್ಲ, ಹದಿನೇಳು ದಿನ. ಅವರು ಬೆಳಿಗ್ಗೆ ಬೂಡೇನ್ ಸಾಬರಿಗೆ ಗಂಜಿ, ಚಟ್ನಿ ಕೊಟ್ಟು ಹಾಗೇ ಗಿರಣಿಗೆ ಬರುತ್ತಿದ್ದರು. ಕಾಲು ಮುರಿದ ದಿನದಿಂದಲೂ ಅವರಿಗೆ ಇವರ ಮನೆಯದೇ ಊಟ. ನಾನು ಒಂದೊಂದೇ ಫೋಲ್ಡರು ತೆಗೆಯುತ್ತಿದ್ದೆ. ಇದು ನಿಮ್ಮ ತಂಗಿ ಮಗನ ಫೋಟೋ, ಇದು ಕರೆಂಟಿನ ರಸೀದಿ, ಇದು ಯಾವುದೋ ಭಜನೆ. ಅವರು ಒಂದೊಂದಕ್ಕೂ ಕಣ್ಣು ಕಿರಿದುಮಾಡಿ ನೋಡಿ, ಇದನ್ನು ಮುಚ್ಚಿಟ್ಟಿದ್ದೆನಾ ಎಂದು ತಮ್ಮನ್ನೇ ಕೇಳಿಕೊಂಡು, ಇಲ್ಲಪ್ಪ, ಇದಲ್ಲ ಅನ್ನುತ್ತಿದ್ದರು. ತಪ್ಪು ಮಾಡದ ಹೆಂಗಸು ತಮ್ಮ ತಪ್ಪನ್ನು ಹುಡುಕುತ್ತಿದ್ದರು, ತಪ್ಪು ಮಾಡಿದವನು ಪಕ್ಕದಲ್ಲಿ ಕೂತು ಹುಡುಕಿಕೊಡುತ್ತಿದ್ದ. ಮಧ್ಯೆ ಎರಡು ಸಲ ನನಗೆ ಚಹಾ ತಂದುಕೊಟ್ಟರು. ನಿನ್ನ ಹೊತ್ತೆಲ್ಲ ನನ್ನ ಪಾಪಕ್ಕೆ ಹೋಯ್ತು ಎಂದು ನೊಂದುಕೊಂಡರು. ನಾನು ಚಹಾ ಕುಡಿದೆ.

ಹದಿನೇಳನೇ ದಿನ ಅದು ಸಿಕ್ಕಿತು. ಆರ್ಡರುಗಳ ಫೋಲ್ಡರಿನ ತಳದಲ್ಲಿ, ಅಳಿಸದೆ ಉಳಿದ ಒಂದೇ ಒಂದು ದನಿ. ಒಂಬತ್ತು ವರ್ಷದ ಹಿಂದಿನದು, ಅರ್ಧ ನಿಮಿಷ ಇರಬಹುದು. ನಾನು ಒತ್ತಿದೆ. ಚೆನ್ನಾಜಮ್ಮನ ದನಿಯೇ, ಸ್ವಲ್ಪ ಎಳೆಯದು: ಮಠದ ಬೀದಿ ಮದುವೆ, ನೂರಾ ಮೂವತ್ತು. ಹಿಂದುಗಡೆಯಿಂದ ಯಾರೋ ಗಂಡಸು ಎಣಿಸಿಯೇ ಬುಟ್ಟಿಗೆ ಹಾಕಿಸಿಕೊಳ್ಳುತ್ತೇನೆ ಅನ್ನುತ್ತಾನೆ. ಅದಕ್ಕೆ ಒಬ್ಬ ಮುದುಕಿಯ ದನಿ ಗದರಿಕೊಳ್ಳುತ್ತದೆ.

‘ಚೆನ್ನಾಜಿ ಎಣಿಸಿದ ಮೇಲೆ ಇನ್ನೊಬ್ರು ಎಣಿಸೋ ಹಾಗಿಲ್ಲ. ಅವಳ ಕೈಯಲ್ಲಿ ಒಂದು ಹೆಚ್ಚು ಬರಲ್ಲ, ಒಂದು ಕಮ್ಮಿ ಬರಲ್ಲ. ತಗೊಂಡು ಹೋಗು.’

ಅದು ಚೆನ್ನಾಜಮ್ಮನ ಅತ್ತೆಯ ದನಿ. ಆರು ವರ್ಷದ ಹಿಂದೆ ತೀರಿಕೊಂಡ ಆ ಮುದುಕಿಯ ಬಾಯಿ ಊರಿಗೆಲ್ಲ ಗೊತ್ತಿತ್ತು. ಇಪ್ಪತ್ತೆಂಟು ವರ್ಷ ಒಂದೇ ಒಲೆಯ ಮುಂದೆ ಕೂತಿದ್ದರೂ ಸೊಸೆಯ ಮುಖ ನೋಡಿ ಒಂದು ಒಳ್ಳೇ ಮಾತು ಆಡಿದವಳಲ್ಲ. ಹೂರಣ ತೆಳ್ಳಗಾಯ್ತು, ಕಣಕ ಗಟ್ಟಿಯಾಯ್ತು, ನಿಮ್ಮಪ್ಪನ ಮನೆಯಲ್ಲಿ ಹೀಗೇ ಮಾಡೋದಾ, ಇಷ್ಟೇ. ಸೊಸೆಯ ಬೆನ್ನ ಹಿಂದೆ, ಯಾರೋ ಹೊರಗಿನವನಿಗೆ ಒಂದು ಸಲ ಹೇಳಿದ ಮಾತು ಅಕಸ್ಮಾತ್ತಾಗಿ ಇದರಲ್ಲಿ ಸೇರಿಕೊಂಡಿತ್ತು. ಇದನ್ನು ಅಳಿಸಬಾರದೆಂದು ಆಗ ಇಟ್ಟುಕೊಂಡಿದ್ದೆ, ಆಮೇಲೆ ಮರೆತೇಬಿಟ್ಟೆ ಎಂದರು ಚೆನ್ನಾಜಮ್ಮ. ಇನ್ನೊಂದು ಸಲ ಹಾಕು ಎಂದರು. ಹಾಕಿದೆ. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದರು:

‘ಇದೇ ಇರ್ಬೇಕು. ಇಲ್ಲ ಅಂತ ಕೈ ಇಟ್ಟೆ, ಇತ್ತಲ್ಲ. ಇದನ್ನ ಅಳಿಸಿ ಸೊನ್ನೆ ತುಂಬಿಬಿಡು. ಗಂಟೆ ಬಾರಿಸಿ, ಎಲ್ಲರ ಎದುರಿಗೇ ಮಾಡು.’

ಇಷ್ಟು ಸಣ್ಣದರಿಂದ ಏನೂ ಆಗುವುದಿಲ್ಲ, ಇಟ್ಟುಕೊಂಡದ್ದಕ್ಕೂ ಗೋಡೆಗೂ ಸಂಬಂಧವಿಲ್ಲ ಎಂದು ನಾನು ತೊದಲಿದೆ. ಸಣ್ಣದೋ ದೊಡ್ಡದೋ, ಸುಳ್ಳು ಸುಳ್ಳೇ ಅಲ್ಲವೇನಪ್ಪ ಎಂದರು. ಆಗ ಹೇಳಬಹುದಿತ್ತು, ಅದು ಎರಡನೇ ಸಲ. ಇಬ್ಬರೇ ಇದ್ದೆವು. ಒಂದು ವಾಕ್ಯ ಸಾಕಿತ್ತು. ಕರಿಹಲಗೆಯ ಮೇಲಿನ ನನ್ನ ಹೆಸರು ಕಣ್ಣಿಗೆ ಬಂತು. ಇಂಥ ಸೋಜಿಗದ ಸಣ್ಣತನ ಮನುಷ್ಯನಲ್ಲಿ ಇರುತ್ತದೆಂದು ನನಗೂ ಆವತ್ತೇ ಗೊತ್ತಾದದ್ದು. ಗುರುವಾರ ಮಾಡೋಣ ಎಂದೆ.

ಗುರುವಾರ ಬೆಳಿಗ್ಗೆ ಬೀದಿಗೆ ಬೀದಿಯೇ ಸೇರಿತು. ಕುರುವಿನ ಭಯ ಬಿಟ್ಟು ಎಲ್ಲರೂ ಗೋಡೆ ನೋಡುವುದಕ್ಕೆ ದೂರದಲ್ಲಿ ನಿಂತರು. ಚೆನ್ನಾಜಮ್ಮ ಗೋಡೆಗೆ ಕೈ ಇಟ್ಟು, ಇದ್ದದ್ದನ್ನು ಇಲ್ಲ ಅಂದಿದ್ದೆ, ಇವತ್ತು ಬಿಡ್ತಾ ಇದೀನಿ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ನಾನು ಗಿರಣಿಗೆ ಹೋಗಿ ಆ ದನಿಯನ್ನು ಅಳಿಸಿದೆ. ಅಳಿಸಿದ್ದು ಮಾತ್ರವಾದರೆ ತಿರುಗಿ ತೆಗೆಯುವ ದಾರಿ ಇರುತ್ತದೆ. ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಸೊನ್ನೆ ತುಂಬಿದೆ. ಗೋಡೆ ಬಂತು, ಗೆರೆಯ ಮೇಲೆ ನಿಂತಿತು, ಹಿಂಡಿದಾಗ ಹಿಂದಕ್ಕೆ ಹೋಯಿತು. ನಾನು ಟೇಪು ಹಿಡಿದು ಬೀದಿಗೆ ಬಂದೆ.

ಗೋಡೆ ಮೊದಲು ಎಲ್ಲಿತ್ತೋ ಅಲ್ಲೇ ಇತ್ತು. ಅರ್ಧ ನಿಮಿಷದ ದನಿಗೆ ಕೂದಲೆಳೆಯಷ್ಟೂ ಸರಿಯುವುದಿಲ್ಲ, ಸರಿಯಲಿಲ್ಲ. ಚೆನ್ನಾಜಮ್ಮ ನನ್ನ ಬಾಯನ್ನೇ ನೋಡುತ್ತಿದ್ದರು. ಅರ್ಧ ಅಂಗುಲ ಒಳಗೆ ಹೋಗಿದೆ ಎಂದೆ. ಇಡೀ ಬೀದಿ ಉಸಿರು ಬಿಟ್ಟಿತು. ಹಾಲಪ್ಪ ಮೇಷ್ಟರು ನನ್ನ ಕಣ್ಣಾರೆ ಕಂಡೆ, ಸರಕ್ಕನೆ ಹೋಯಿತು ಎಂದರು. ಹೌದು ಹೌದು ಎಂದು ಇನ್ನು ನಾಲ್ಕು ಜನ ಕಂಡರು. ಮುದುಕಿಯರು ಚೆನ್ನಾಜಮ್ಮನ ಬೆನ್ನು ಸವರಿದರು. ನುಗ್ಗೇಹಳ್ಳಿಯವರ ಮನೆಯಾಕೆ ಅಲ್ಲೇ ನಿಂತು ಮುಂದಿನ ತಿಂಗಳ ಮದುವೆಗೆ ಮುನ್ನೂರು ಹೇಳಿದರು.

ಚೆನ್ನಾಜಮ್ಮ ಆವತ್ತೇ ಮಧ್ಯಾಹ್ನ ಬೀದಿಗೆಲ್ಲ ಹೋಳಿಗೆ ಊಟ ಹಾಕಿದರು. ನಾದುವ ಹೆಂಗಸರಿಬ್ಬರೂ ಮೈ ಸರಿಹೋಯಿತೆಂದು ಬಂದಿದ್ದರು. ಬೀದಿಯ ಉದ್ದಕ್ಕೂ ಚಾಪೆ ಹಾಸಿ ಎಲೆ ಹಾಕಿದರು. ಬೂಡೇನ್ ಸಾಬರನ್ನೂ ಕರೆಸಿ, ಕುರ್ಚಿ ಕೊಟ್ಟು, ಮುರಿದ ಕಾಲನ್ನು ಒಂದು ಮಣೆಯ ಮೇಲೆ ನೀಡಿಸಿದ್ದರು. ನನ್ನನ್ನು ಮೊದಲನೇ ಎಲೆಗೆ ಕೂರಿಸಿದರು. ಅವರೇ ಬಂದು ಬಿಸಿ ಹೋಳಿಗೆ ಹಾಕಿ, ತುಪ್ಪ ಬಿಟ್ಟು, ನಿನ್ನಿಂದ ನನ್ನ ಮರ್ಯಾದೆ ಉಳೀತಪ್ಪ, ತಿನ್ನು ಎಂದರು.

ಮುರಿದು ಬಾಯಿಗಿಟ್ಟೆ. ನುಂಗುವುದಕ್ಕಾಗಲಿಲ್ಲ. ನಾನು ಒಳ್ಳೆಯವನೆಂದು ಅಲ್ಲ, ಅದನ್ನು ಯಾರೂ ತಿಳಿಯಬಾರದು. ಅಷ್ಟು ದಿನ ಚಹಾ ಕುಡಿದವನು, ಲಾಡು ತಿಂದವನು. ಆದರೆ ಅವರ ಮುಖದಲ್ಲಿ ಇದ್ದ ಆ ಸಂತೋಷ, ತಾನು ಸುಳ್ಳುಗಾತಿ ಎಂದು ಒಪ್ಪಿಕೊಂಡು ಕ್ಷಮೆ ಸಿಕ್ಕಿದವರ ಸಂತೋಷ, ಅದನ್ನು ನೋಡಿಕೊಂಡು ತಿನ್ನುವುದಕ್ಕೆ ಸಾಧ್ಯವಾಗಲಿಲ್ಲ. ತುತ್ತನ್ನು ಎಲೆಗೆ ಉಗುಳಿ ಎದ್ದುನಿಂತೆ. ಹೇಳಿದೆ. ಆವತ್ತು ಮೇಷ್ಟರ ಮನೆಗೂ ಒಟ್ಟಿಗೇ ಸೊನ್ನೆ ಹಚ್ಚಿದ್ದೆ, ಕೂಗು ಕೇಳಿ ಅದನ್ನೇ ಮೊದಲು ಹಿಂದಕ್ಕೆಳೆದೆ, ಚೆನ್ನಾಜಮ್ಮನ ಗೋಡೆ ಗೆರೆ ದಾಟಿರಲಿಲ್ಲ, ಇವತ್ತು ಅರ್ಧ ಅಂಗುಲವೂ ಸರಿಯಲಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ.

ಪಂಕ್ತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹಾಲಪ್ಪ ಮೇಷ್ಟರು ನಕ್ಕರು. ನೋಡಿ, ಒಂದು ಹೆಂಗಸಿನ ಮಾನ ಉಳಿಸೋದಕ್ಕೆ ತಪ್ಪನ್ನ ತನ್ನ ತಲೆ ಮೇಲೆ ಹಾಕಿಕೊಳ್ತಿದಾನೆ, ಎಂಥ ದೊಡ್ಡ ಮನಸ್ಸು ಎಂದರು. ಸುತ್ತಲಿನವರು ಹೌದೆಂದರು. ಯಾರೋ ನನ್ನ ಕೈ ಹಿಡಿದು ಕೂರಿಸುವುದಕ್ಕೆ ನೋಡಿದರು. ಸರಕ್ಕನೆ ಹೋದದ್ದನ್ನು ಕಣ್ಣಾರೆ ಕಂಡವರು ಅವರೆಲ್ಲ. ನನ್ನ ಮಾತನ್ನು ನಂಬಿದರೆ ತಮ್ಮ ಕಣ್ಣು ಸುಳ್ಳಾಗಬೇಕಿತ್ತು. ನಾನು ಇನ್ನೊಂದು ಸಲ ಹೇಳಿದೆ, ಅವರು ಇನ್ನೂ ಹೊಗಳಿದರು. ನೆಲ ಬಾಯಿಬಿಟ್ಟು ನುಂಗಬಾರದೇ ಅನಿಸಿತು.

‘ಹಿಂದಿನಿಂದ ತಳ್ತು ಅಂತ ನಾನು ಅವತ್ತೇ ಹೇಳಿದ್ದೆ’ ಎಂದರು ಬೂಡೇನ್ ಸಾಬರು.

ಜೋರಾಗಿ ಹೇಳಲಿಲ್ಲ. ಎಲೆಯ ಮೇಲಿನ ಹೋಳಿಗೆಯನ್ನು ನೋಡಿಕೊಂಡು ಹೇಳಿದರು. ಮೇಷ್ಟರು ಎದುರಿಗಿನ ತಮ್ಮ ಗೋಡೆಯನ್ನು ಒಂದು ಸಲ ನೋಡಿ ತಲೆ ತಗ್ಗಿಸಿದರು.

ಚೆನ್ನಾಜಮ್ಮ ತಟ್ಟೆ ಹಿಡಿದುಕೊಂಡು ಪಂಕ್ತಿಯ ನಡುವೆ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ತಟ್ಟೆಯನ್ನು ಪಕ್ಕದವಳ ಕೈಗೆ ಕೊಟ್ಟು ನನ್ನ ಎಲೆಯ ಮುಂದೆ ಬಂದರು. ಹೊಡೆಯುತ್ತಾರೆ ಎಂದುಕೊಂಡೆ, ಹೊಡೆಯಲಿ ಎಂದೇ ಕಾದೆ.

‘ಅದು ವಾಪಸ್ ಬರತ್ತಾ?’

‘ಇಲ್ಲಮ್ಮ. ಸೊನ್ನೆ ತುಂಬಿದ ಮೇಲೆ ಬರಲ್ಲ.’

‘ನೀನು ಕೇಳಿಸ್ಕೊಂಡಿದ್ದೆ ಅಲ್ವಾ, ನಮ್ಮತ್ತೆ ಹೇಳಿದ್ದು. ಎರಡು ಸಲ ಹಾಕಿದ್ದೆ.’

ಹೂಂ ಎಂದೆ.

‘ಹೇಳು. ಇವರಿಗೆಲ್ಲ ಹೇಳು.’

ನೆಲ ನೋಡಿಕೊಂಡು, ಚೆನ್ನಾಜಿ ಎಣಿಸಿದ ಮೇಲೆ ಇನ್ನೊಬ್ಬರು ಎಣಿಸುವ ಹಾಗಿಲ್ಲ ಎಂದೆ. ಅವಳ ಕೈಯಲ್ಲಿ ಒಂದು ಹೆಚ್ಚು ಬರಲ್ಲ, ಒಂದು ಕಮ್ಮಿ ಬರಲ್ಲ ಎಂದೆ. ನನ್ನ ಪಕ್ಕದ ಎಲೆಯವನಿಗೆ ಕೇಳಿಸಿತೋ ಇಲ್ಲವೋ.

‘ನಮ್ಮತ್ತೆ ಅಷ್ಟು ಮೆತ್ತಗೆ ಮಾತಾಡೋರಲ್ಲ’ ಎಂದರು ಚೆನ್ನಾಜಮ್ಮ.

ತಲೆ ಎತ್ತಿದೆ. ಬೀದಿಯ ಆ ತುದಿಯ ತನಕ ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಯಾರ ಕೈಯೂ ಎಲೆಯ ಮೇಲಿರಲಿಲ್ಲ. ಆ ಮುದುಕಿ ಗದರಿಕೊಂಡ ಹಾಗೇ, ಗಟ್ಟಿಯಾಗಿ, ಮೊದಲಿನಿಂದ ಹೇಳಿದೆ.